ರಾಮನ್ ಬಂಗಾರಪೇಟೆಯಲ್ಲಿ ಪಾನಿಪುರಿ ತಿಂದಿಲ್ಲ

ಮೊದಲೇ ಹೇಳಿಬಿಡುತ್ತೇನೆ. ಸಿ.ವಿ. ರಾಮನ್ ಬಂಗಾರಪೇಟೆ ಸ್ಟೇಷನ್ನಿನಲ್ಲಿ ಇಳಿದು ಪಾನಿಪುರಿ ತಿಂದಿಲ್ಲ. ಅವರಿಂದಾಗಿ ಮದ್ರಾಸಿನ ರೈಲು ಹನ್ನೊಂದು ನಿಮಿಷ ತಡವಾಗಿಲ್ಲ. ಸ್ಟೇಷನ್ ಮಾಸ್ಟರು ರಿಜಿಸ್ಟರಿನಲ್ಲಿ 'ತಡಕ್ಕೆ ಕಾರಣ: ಬೆಳಕು' ಅಂತ ಬರೆದಿಲ್ಲ. ಇಷ್ಟನ್ನೂ ಹೋದ ವರ್ಷ ಫೆಬ್ರವರಿ 28ರ ಬೆಳಿಗ್ಗೆ, ಪ್ರಾರ್ಥನೆಯ ಗಂಟೆ ಹೊಡೆಯುವ ಮುಂಚೆ, ಅರ್ಧ ತುಂಡು ಸೀಮೆಸುಣ್ಣದಲ್ಲಿ ಹುಟ್ಟಿಸಿದವಳು ನಾನು.

ಮೊನ್ನೆ ಅದು ನನ್ನ ಫೋನಿಗೇ ವಾಪಸ್ ಬಂತು. ಕಳಿಸಿದವರು ಮುಳಬಾಗಿಲಿನ ನಮ್ಮ ಭಾವ. ಮೇಲೆ ಬಾವುಟ, ಕೆಳಗೆ ಕೈಮುಗಿದ ಚಿತ್ರಗಳು, ಕೊನೆಗೆ 'ಕೋಲಾರ ಜಿಲ್ಲೆಯವರಾದರೆ ಹತ್ತು ಜನಕ್ಕೆ ಕಳಿಸಿ'. "ನೋಡಮ್ಮಾ, ನಿಮ್ಮೂರಿನ ವಿಷಯ. ಮಕ್ಕಳಿಗೆ ಹೇಳು" ಅಂತ ಭಾವ ಬೇರೆ ಸೇರಿಸಿದ್ದರು. ಓದಿದೆ. ನಾನು ಬರೆದದ್ದು ಒಂದೂವರೆ ಗೇಣು. ಇದು ಎರಡು ಮೊಳ ಆಗಿತ್ತು. ರಾಮನ್ ಅವರಿಗೆ ಆಗಲೇ 'ಸರ್' ಬಂದಿತ್ತು, ಭಾರತರತ್ನವೂ ಬಂದಿತ್ತು. ಸರ್ ಬಂದದ್ದು 1929ರಲ್ಲಿ, ಭಾರತರತ್ನ 1954ರಲ್ಲಿ. ಕಥೆ ನಡೆದದ್ದು 1928ರಲ್ಲಿ. ನಡೆಯದೇ ಇದ್ದದ್ದು ಅನ್ನಬೇಕೇನೋ.

ಹಲಗೆಯ ವಿಷಯ ಹೇಳಬೇಕು.

ನಾನು ಬಂಗಾರಪೇಟೆ ಹತ್ತಿರದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ನಮಗೆ ಹಸಿರು ಬೋರ್ಡು ಬಂದ ವರ್ಷ ಹಳೆಯ ಕರಿಹಲಗೆಯನ್ನು ಬಿಸಿಯೂಟದ ಅಡುಗೆಮನೆ ಪಕ್ಕದ ವರಾಂಡದಲ್ಲಿ ಒರಗಿಸಿಟ್ಟಿದ್ದರು. ಸುಮ್ನೆ ಬಿದ್ದಿತ್ತು. ನಾನು ಅದರ ಮೇಲೆ 'ಈ ದಿನ' ಅಂತ ಬರೆಯೋಕೆ ಶುರು ಮಾಡಿದೆ. ಇಂಥ ವಿಜ್ಞಾನಿ ಹುಟ್ಟಿದರು, ಇಂಥವರು ತೀರಿಕೊಂಡರು, ಇಂಥದ್ದನ್ನು ಕಂಡುಹಿಡಿದರು. ಒಬ್ಬರೂ ಓದುತ್ತಿರಲಿಲ್ಲ. ತಟ್ಟೆ ಹಿಡಿದು ಸಾಲಿನಲ್ಲಿ ನಿಂತ ಮಕ್ಕಳು ಹಲಗೆಗೆ ಬೆನ್ನು ಒರಗಿಸಿಕೊಂಡು ನಿಲ್ಲುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ನ್ಯೂಟನ್ ಯಾರದೋ ಶರ್ಟಿನ ಬೆನ್ನ ಮೇಲಿರುತ್ತಿದ್ದ.

ಒಂದು ದಿನ ರೇಗಿ ಒಂದು ಬುರುಡೆ ಸೇರಿಸಿದೆ. ನಾಲ್ಕು ಸಾಲು, ಮೂರು ನಿಜ, ಒಂದು ಬುರುಡೆ. ಯಾವುದು ಬುರುಡೆ ಅಂತ ಚೀಟಿ ಬರೆದು ಹಳೇ ಸೀಮೆಸುಣ್ಣದ ಡಬ್ಬಕ್ಕೆ ಹಾಕಬೇಕು. ಸಂಜೆ ಕೊನೆಯ ಗಂಟೆ ಆದಮೇಲೆ ನಾನು ಕೆಂಪು ಸೀಮೆಸುಣ್ಣದಲ್ಲಿ ಆ ಸಾಲಿನ ಮುಂದೆ 'ಬುರುಡೆ' ಅಂತ ಬರೆಯೋದು. ಸರಿ ಹೇಳಿದವರಿಗೆ ಕಡಲೆಮಿಠಾಯಿ. ಆ ವಾರದಿಂದ ಹಲಗೆಗೆ ಬೆನ್ನು ಒರಗಿಸುವುದು ನಿಂತಿತು.

ಆದರೆ ಒಂದು ವಿಚಿತ್ರ ಗಮನಿಸಿದೆ. ಮಕ್ಕಳು ಹಿಡಿಯುತ್ತಿದ್ದುದು ಬುರುಡೆಯನ್ನಲ್ಲ, ನಿಜವನ್ನೇ. ಆಗಸ್ಟ್ 18ಕ್ಕೆ 1868ರ ಸೂರ್ಯಗ್ರಹಣದ ವಿಷಯ ಬರೆದಿದ್ದೆ. ಫ್ರಾನ್ಸಿನ ಜಾನ್ಸೆನ್ ಎಂಬ ಖಗೋಳ ವಿಜ್ಞಾನಿ ಅದನ್ನು ನೋಡಲು ಗುಂಟೂರಿಗೆ ಬಂದಿದ್ದರು. ಹೀಲಿಯಂ ಎಂಬ ಧಾತುವಿನ ಸುಳಿವು ಭೂಮಿಗಿಂತ ಮೊದಲು ಸೂರ್ಯನ ಬೆಳಕಿನಲ್ಲಿ ಸಿಕ್ಕಿದ್ದು ಆ ವರ್ಷವೇ. ಇಡೀ ಎಂಟನೇ ತರಗತಿ ಇದೇ ಬುರುಡೆ ಅಂದಿತು. "ಗುಂಟೂರಲ್ಲಿ ಮೆಣಸಿನಕಾಯಿ ಬಿಟ್ರೆ ಏನಿದೆ ಮಿಸ್?" ಇನ್ನೊಂದು ಸಲ ಎಚ್. ನರಸಿಂಹಯ್ಯನವರ ಬಗ್ಗೆ. ನಮ್ಮ ಪಕ್ಕದ ಜಿಲ್ಲೆಯ ಗೌರಿಬಿದನೂರು ತಾಲ್ಲೂಕಿನ ಹೊಸೂರಿನವರು, ಭೌತವಿಜ್ಞಾನದ ಮೇಷ್ಟ್ರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ 1976ರಲ್ಲಿ ಪವಾಡಗಳನ್ನು ಪರೀಕ್ಷಿಸೋಕೆ ಒಂದು ಸಮಿತಿಯನ್ನೇ ಮಾಡಿದ್ದರು. ಅದೂ ಬುರುಡೆ ಅಂತಾಯಿತು. ಯೂನಿವರ್ಸಿಟಿಯವರಿಗೆ ಬೇರೆ ಕೆಲಸ ಇಲ್ವಾ ಅಂತ ಚೀಟಿ.

ಬುರುಡೆ ಹೊಡೆಯೋದು ಕಲಿಯಬೇಕಾದ ಕೆಲಸ ಸ್ವಾಮಿ. ಪ್ಯಾರಿಸ್ ಬಗ್ಗೆ, ಲಂಡನ್ ಬಗ್ಗೆ ಹೇಳಿದರೆ ಮಕ್ಕಳು ಅನುಮಾನದಿಂದಲೇ ಓದುತ್ತಾರೆ. ಅದೇ ಟೇಕಲ್ ಅನ್ನಿ, ಮಾಲೂರು ಅನ್ನಿ, ಕಣ್ಣು ಮುಚ್ಚಿಕೊಂಡು ನಂಬುತ್ತಾರೆ. ನಮ್ಮೂರಿನ ಹೆಸರು ಬಂದರೆ ಸಾಕು, ಒಳಗೆ ಏನೋ ಕರಗುತ್ತೆ. ದೊಡ್ಡವರಿಗೂ ಹಾಗೇ ಆಗುತ್ತೆ ಅಂತ ಆಗ ನನಗೆ ಗೊತ್ತಿರಲಿಲ್ಲ.

ಫೆಬ್ರವರಿ 28 ಎಂಥ ದಿನ ಅಂದರೆ, ಅದಕ್ಕೆ ಬುರುಡೆಯ ಅಗತ್ಯವೇ ಇಲ್ಲ.

1928ರಲ್ಲಿ ಅವತ್ತು ಕಲ್ಕತ್ತದ ಬೌಬಜಾರ್ ಬೀದಿಯಲ್ಲಿ ರಾಮನ್ ಮತ್ತು ಕೆ.ಎಸ್. ಕೃಷ್ಣನ್ ದ್ರವದೊಳಗೆ ಹಾದ ಬೆಳಕಿನ ಬಣ್ಣ ಬದಲಾಗುವುದನ್ನು ಕಂಡರು. ಅದೇ ರಾಮನ್ ಪರಿಣಾಮ. ಅದಕ್ಕೇ 1987ರಿಂದ ಆ ದಿನ ರಾಷ್ಟ್ರೀಯ ವಿಜ್ಞಾನ ದಿನ. ಸುದ್ದಿಯನ್ನು ಪತ್ರಿಕೆಗೆ ತಿಳಿಸಿದ್ದು ಮರುದಿನ. ಅಂದರೆ ಫೆಬ್ರವರಿ 29, ಆ ವರ್ಷ ಅಧಿಕ ವರ್ಷ. ಹಲಗೆಗೆ ಹೇಳಿ ಮಾಡಿಸಿದ ವಿಷಯ, ಒಬ್ಬರೂ ನಂಬುತ್ತಿರಲಿಲ್ಲ.

1953ರಲ್ಲಿ ಅದೇ ದಿನ, ಒಂದು ಶನಿವಾರ, ಕೇಂಬ್ರಿಜ್‌ನಲ್ಲಿ ಜೇಮ್ಸ್ ವಾಟ್ಸನ್ ರಟ್ಟಿನ ತುಂಡು ಕತ್ತರಿಸಿಕೊಂಡು ಮೇಜಿನ ಮೇಲೆ ಹೊಂದಿಸುತ್ತಾ ಕೂತಿದ್ದರು. ತಗಡಿನ ತುಂಡು ಮಾಡಿಸಲು ಕೊಟ್ಟಿದ್ದರಂತೆ, ಬಂದಿರಲಿಲ್ಲ. ರಟ್ಟಿನಲ್ಲೇ ಡಿಎನ್‌ಎ ಏಣಿಯ ಮೆಟ್ಟಿಲು ಸರಿಯಾಗಿ ಕೂತಿತು. ಅವರ ಜೊತೆಗಾರ ಫ್ರಾನ್ಸಿಸ್ ಕ್ರಿಕ್ ಮಧ್ಯಾಹ್ನ ಈಗಲ್ ಎಂಬ ಪಬ್ಬಿಗೆ ಹೋಗಿ, ಜೀವದ ಗುಟ್ಟು ಸಿಕ್ಕಿತು ಅಂತ ಊಟಕ್ಕೆ ಕೂತವರಿಗೆಲ್ಲ ಸಾರಿದರು ಅನ್ನುವುದು ಕಥೆ. ಇದಕ್ಕೆಲ್ಲ ಆಸರೆಯಾದ ಎಕ್ಸ್‌ರೇ ಚಿತ್ರ ಬಂದದ್ದು ಲಂಡನ್ನಿನಲ್ಲಿ ರೊಸಾಲಿಂಡ್ ಫ್ರಾಂಕ್ಲಿನ್ ನಡೆಸುತ್ತಿದ್ದ ಕೆಲಸದಿಂದ. ಆಕೆ ಆ ಊಟಕ್ಕೆ ಇರಲಿಲ್ಲ.

ಅದೇ ಫೆಬ್ರವರಿ 28 ಲೈನಸ್ ಪೌಲಿಂಗ್ ಹುಟ್ಟಿದ ದಿನ, 1901. ಈ ಡಿಎನ್‌ಎ ಪಂದ್ಯದಲ್ಲಿ ಎಲ್ಲರೂ ಹೆದರುತ್ತಿದ್ದ ಎದುರಾಳಿ ಅಮೆರಿಕದ ಪೌಲಿಂಗ್. ಅವರು ಡಿಎನ್‌ಎಗೆ ಮೂರು ಎಳೆ ಅಂತ ಹೇಳಿ, ಅದೇ ತಿಂಗಳು ಅಚ್ಚಿನಲ್ಲೂ ಹಾಕಿಸಿದ್ದರು. ಇರೋದು ಎರಡೇ. ಅಂದರೆ ತಮ್ಮ 52ನೇ ಹುಟ್ಟುಹಬ್ಬದ ದಿನವೇ ಆ ಮನುಷ್ಯ ಪಂದ್ಯ ಸೋತರು, ಅದೂ ಗೊತ್ತೇ ಆಗದ ಹಾಗೆ. ಪಾಪ ಅನ್ನಬೇಡಿ. ಆಮೇಲೆ ಯಾರ ಜೊತೆಗೂ ಹಂಚಿಕೊಳ್ಳದೆ ಎರಡು ನೊಬೆಲ್ ತಗೊಂಡರು. 1954ಕ್ಕೆ ರಸಾಯನ ವಿಜ್ಞಾನದ್ದು, 1962ಕ್ಕೆ ಶಾಂತಿಯದ್ದು.

ಇನ್ನು ನಮ್ಮ ಮನೆಯದು. 2001ರ ಫೆಬ್ರವರಿ 28, ಬುಧವಾರ, ಕೆಜಿಎಫ್ ಗಣಿಗಳು ಮುಚ್ಚಿದವು. ನಾನು ಹುಟ್ಟಿ ಬೆಳೆದದ್ದು ಅಲ್ಲೇ. ಅಪ್ಪ ಗಣಿಯ ಟೈಮ್ ಆಫೀಸಿನಲ್ಲಿ ಗುಮಾಸ್ತರಾಗಿದ್ದರು. ಅವತ್ತು ಸಂಜೆ ಮನೆಗೆ ಬಂದು ಟಿಫನ್ ಡಬ್ಬಿಯನ್ನು ಅಮ್ಮನ ಕೈಗೆ ಕೊಡಲಿಲ್ಲ. ತಾವೇ ತೊಳೆದು, ಒರೆಸಿ, ಅಟ್ಟದ ಮೇಲಿಟ್ಟರು. ಅಷ್ಟೇ. ನಾವ್ಯಾರೂ ಏನೂ ಕೇಳಲಿಲ್ಲ.

ವಿಜ್ಞಾನ ದಿನ ಅಂದರೆ ನನಗೆ ರಾಮನ್ ಜೊತೆ ಆ ಡಬ್ಬಿಯೂ ನೆನಪಾಗುತ್ತದೆ. ಅದಕ್ಕೇ ಹೋದ ವರ್ಷ ಗಣಿಯ ಸಾಲನ್ನು ಹಾಕಲೇಬೇಕು ಅಂದುಕೊಂಡೆ. ಮುಚ್ಚಿದ್ದನ್ನು ಮಾತ್ರ ಹಾಕಿದರೆ ಸಪ್ಪೆ. ಅಲ್ಲಿ ಏನು ಸಿಕ್ಕಿತು ಅಂತಲೂ ಬರೆದೆ. ಚಿನ್ನ ಅಲ್ಲ.

1965ರಲ್ಲಿ ಕೆಜಿಎಫ್ ಗಣಿಯೊಳಗೆ, ನೆಲದಿಂದ 2.3 ಕಿಲೋಮೀಟರ್ ಕೆಳಗೆ, ನ್ಯೂಟ್ರಿನೊ ಎಂಬ ಕಣದ ಗುರುತು ಸಿಕ್ಕಿತು. ನ್ಯೂಟ್ರಿನೊ ಅಂದರೆ ಎಲ್ಲದರ ಮೂಲಕ ಹಾದುಹೋಗುವ ಕಳ್ಳ. ಈಗ ಇದನ್ನು ಓದುತ್ತಿರುವ ನಿಮ್ಮ ಹೆಬ್ಬೆರಳಿನ ಉಗುರಿನೊಳಗಿಂದ ಸೂರ್ಯನಿಂದ ಬಂದ ನ್ಯೂಟ್ರಿನೊಗಳು ಸೆಕೆಂಡಿಗೆ ಆರು ಸಾವಿರ ಕೋಟಿಯಷ್ಟು ಹೋಗುತ್ತಿವೆ. ತುರಿಕೆ ಕೂಡ ಆಗಲ್ಲ. ಗಣಿಯಲ್ಲಿ ಸಿಕ್ಕಿದ್ದು ಬೇರೆ ಜಾತಿಯದು. ಆಕಾಶದಿಂದ ಬರುವ ಕಿರಣಗಳು ನಮ್ಮ ಗಾಳಿಗೆ ಬಡಿದಾಗ ಹುಟ್ಟುವಂಥದ್ದು. ಹಾಗೆ ಹುಟ್ಟಿದ್ದನ್ನು ಮೊದಲು ಗುರುತಿಸಿದ ಗುಂಪುಗಳಲ್ಲಿ ಕೆಜಿಎಫ್‌ನದೂ ಒಂದು. ಅದೇ ವರ್ಷ ದಕ್ಷಿಣ ಆಫ್ರಿಕದ ಚಿನ್ನದ ಗಣಿಯೊಂದರಲ್ಲೂ ಸಿಕ್ಕಿತು. ಬಾಂಬೆಯ ಟಾಟಾ ಸಂಸ್ಥೆಯವರು, ಜಪಾನಿನ ಒಸಾಕದವರು, ಇಂಗ್ಲೆಂಡಿನ ಡರಮ್‌ನವರು ಸೇರಿ ನಮ್ಮ ಗಣಿಯಲ್ಲಿ ಮಾಡಿದ ಕೆಲಸ ಇದು. ಎಂ.ಜಿ.ಕೆ. ಮೆನನ್ ಇದ್ದರು, ನಂಜನಗೂಡಿನ ಬಿ.ವಿ. ಶ್ರೀಕಂಠನ್ ಇದ್ದರು. ಶ್ರೀಕಂಠನ್ ಅವರನ್ನು 1951ರಲ್ಲೇ ಹೋಮಿ ಭಾಭಾ ಈ ಗಣಿಗೆ ಕಳಿಸಿದ್ದರು.

ಯಾಕೆ ಅಷ್ಟು ಕೆಳಗೆ ಅಂತ ಮಕ್ಕಳು ಕೇಳುತ್ತಾರೆ. ನಾನು ಮಳೆಯ ಲೆಕ್ಕ ಹೇಳುತ್ತೇನೆ. ಆಕಾಶದಿಂದ ಬರುವ ಬೇರೆ ಕಣಗಳು ಮಳೆ ಇದ್ದ ಹಾಗೆ. ಅಷ್ಟು ಕಲ್ಲಿನ ಕೆಳಗೆ ಹೋದರೆ ಮಳೆ ಬಹುಪಾಲು ನಿಲ್ಲುತ್ತೆ. ಅಲ್ಲಲ್ಲಿ ತೊಟ್ಟಿಕ್ಕುವ ಹನಿಯೂ ಮೇಲಿನಿಂದಲೇ ಬರುತ್ತೆ. ಈಗ ನೀವು ಮನೆಯೊಳಗೆ ಕೂತಿದ್ದೀರಿ, ಪಕ್ಕದಿಂದ ನಿಮ್ಮ ಕಿವಿಗೆ ಒಂದು ಹನಿ ಬಡಿಯಿತು. ಅದು ಮಳೆಯಲ್ಲ ತಾನೆ? ಅದಕ್ಕೇ ಆ ವಿಜ್ಞಾನಿಗಳು ಉಪಕರಣವನ್ನು ಎರಡು ಗೋಡೆಗಳ ಹಾಗೆ ನಿಲ್ಲಿಸಿ, ಪಕ್ಕದಿಂದ ಬರುವವರನ್ನು ಕಾಯುತ್ತಿದ್ದರು. ಪಕ್ಕದ ಕಿಲೋಮೀಟರುಗಟ್ಟಲೆ ಕಲ್ಲು ದಾಟಿ ಬರೋದು ನ್ಯೂಟ್ರಿನೊ ಒಂದಕ್ಕೇ ಸಾಧ್ಯ. ಅದು ಹತ್ತಿರದ ಬಂಡೆಗೆ ಬಡಿದಾಗ ಹುಟ್ಟಿದ ಕಣ ಅಡ್ಡಡ್ಡ ಬಂದು ಈ ಗೋಡೆಗಳನ್ನು ದಾಟುತ್ತಿತ್ತು.

ಅಪ್ಪ ಕಂಡದ್ದು ಆಮೇಲಿನ ಪ್ರಯೋಗವನ್ನು. 1980ರ ಹೊತ್ತಿಗೆ ಪ್ರೋಟಾನ್ ತಾನಾಗಿ ಒಡೆಯುತ್ತದಾ ಅಂತ ನೋಡೋಕೆ ಸುಮಾರು 140 ಟನ್ನಿನ ಉಪಕರಣ ಕಟ್ಟಿದರು, ಅದೂ ಅಷ್ಟೇ ಆಳದಲ್ಲಿ. ಬರೀ ಕಬ್ಬಿಣದ ಕೆಲಸ. ಅಪ್ಪನಿಗೆ ಪ್ರೋಟಾನ್ ಗೊತ್ತಿಲ್ಲ. ಆದರೆ ಈಗಲೂ ಹೇಳುತ್ತಾರೆ: "ನನ್ನ ಸರ್ವಿಸ್ ಪೂರ್ತಿ ಒಳಗಿನ ಕಲ್ಲು ಮೇಲಕ್ಕೆ ಬರೋದನ್ನ ನೋಡಿದೆ. ಆ ಬಾಂಬೆಯವರು ಮಾತ್ರ ಮೇಲಿನ ಕಬ್ಬಿಣ ಒಳಕ್ಕೆ ಇಳಿಸಿದ್ರು. ಲೆಕ್ಕಾನೇ ಉಲ್ಟಾ."

ಹೀಗೆ ಕೇಂಬ್ರಿಜ್, ಪೌಲಿಂಗ್, ಗಣಿ, ಮೂರು ನಿಜ ಆದವು. ನಾಲ್ಕನೇದಕ್ಕೆ ರಾಮನ್ ಬೇಕಿತ್ತು, ಬುರುಡೆಯೂ ಬೇಕಿತ್ತು.

ಅದರ ಬೀಜ ಅದಕ್ಕೂ ಹಿಂದಿನ ವರ್ಷ ಬಿದ್ದಿತ್ತು. ಒಂದು ಗಾಜಿನ ಲೋಟದಲ್ಲಿ ನೀರು ತಗೊಂಡು, ಕಿಟಕಿಗೆ ಗೋಣಿಚೀಲ ಕಟ್ಟಿ ಕತ್ತಲೆ ಮಾಡಿ, ಟಾರ್ಚ್ ಬಿಟ್ಟು ತೋರಿಸುತ್ತಿದ್ದೆ. ಬರೀ ನೀರಿನಲ್ಲಿ ಬೆಳಕಿನ ದಾರಿ ಕಾಣಲ್ಲ. ಒಂದೇ ಒಂದು ಹನಿ ಹಾಲು ಬಿಟ್ಟು ಕಲಕಿ. ಪಕ್ಕದಿಂದ ನೋಡಿದರೆ ಲೋಟ ತುಸು ನೀಲಿ. ಟಾರ್ಚಿನ ಎದುರಿನಿಂದ ನೋಡಿದರೆ ಕೆಂಪು ಬೆರೆತ ಹಳದಿ. ಆಕಾಶ ಯಾಕೆ ನೀಲಿ, ಸಂಜೆ ಯಾಕೆ ಕೆಂಪು ಅನ್ನೋದಕ್ಕೆ ಒಂದು ಲೋಟದಷ್ಟು ಉತ್ತರ. ಇದು ರಾಮನ್ ಪರಿಣಾಮ ಅಲ್ಲ, ಅದನ್ನು ಟಾರ್ಚಿನಲ್ಲಿ ತೋರಿಸೋಕೆ ಆಗಲ್ಲ. ಆದರೆ ಅವರು ಹೊರಟದ್ದು ಇಂಥ ಪ್ರಶ್ನೆಯಿಂದಲೇ. ಹಾಲು ಹಾಕುವ ಮುಂಚೆ ನಾನು ಲೋಟ ಎತ್ತಿ ತೋರಿಸಿ, "ಇದರಲ್ಲಿ ಏನಿದೆ?" ಅಂದೆ. ಹಿಂದಿನ ಬೆಂಚಿನವನೊಬ್ಬ, "ಪಾನಿ ಮಿಸ್. ಬಂಗಾರಪೇಟೆ ಪಾನಿ" ಅಂದ. ಇಡೀ ಕ್ಲಾಸು ನಕ್ಕಿತು.

ಹೊರಗಿನವರಿಗೆ ಹೇಳಬೇಕು. ಬಂಗಾರಪೇಟೆಯ ಪಾನಿಪುರಿಯ ನೀರಿಗೆ ಬಣ್ಣ ಇಲ್ಲ. ಬೇರೆ ಕಡೆ ಪುದೀನ ಹಸಿರೋ ಹುಣಸೆ ಕಂದೋ ಇರುತ್ತಲ್ಲ, ಅದಿಲ್ಲ. ಕೊಳಾಯಿ ನೀರಿನ ಹಾಗೆ ತಿಳಿಯಾಗಿರುತ್ತೆ. ಬಾಯಿಗೆ ಹಾಕಿಕೊಂಡ ಎರಡು ಕ್ಷಣಕ್ಕೆ ಕಿವಿಯಲ್ಲಿ ಹೊಗೆ.

ಹಾಗಾಗಿ ಫೆಬ್ರವರಿ 28ಕ್ಕೆ ಕಥೆ ತಾನಾಗೇ ಬಂತು. ಮೂಳೆ ನಿಜದ್ದು, ಮಾಂಸ ನನ್ನದು. ರಾಮನ್ 1928ರ ಮಾರ್ಚ್ 16ರಂದು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ತಮ್ಮ ಹೊಸ ಬೆಳಕಿನ ಬಗ್ಗೆ ಭಾಷಣ ಮಾಡಿದ್ದು ನಿಜ. ಮದ್ರಾಸಿನಿಂದ ಬೆಂಗಳೂರಿಗೆ ರೈಲಿನಲ್ಲಿ ಬಂದರೆ ನಮ್ಮೂರು ದಾಟಲೇಬೇಕು, ಅದೂ ನಿಜ. ಆಗ ಬಂಗಾರಪೇಟೆಯ ಹೆಸರು ಬೌರಿಂಗ್‌ಪೇಟೆ. 1921ರಲ್ಲಿ ಹಡಗಿನಲ್ಲಿ ಬರುವಾಗ ರಾಮನ್ ನಿಕಲ್ ಪ್ರಿಸಂ ಎಂಬ ಹರಳನ್ನು ಕಣ್ಣಿಗೆ ಹಿಡಿದು ಸಮುದ್ರದ ನೀಲಿಯನ್ನು ಪರೀಕ್ಷೆ ಮಾಡಿದ್ದರು, ಅದೂ ನಿಜ. ಇನ್ನು ಹಲಗೆಯ ಮೇಲೆ ನಾನು ಬರೆದದ್ದು ಓದಿ:

'1928ರ ಮಾರ್ಚ್. ಬೆಳಿಗ್ಗೆ ಏಳು ಗಂಟೆ. ಬೌರಿಂಗ್‌ಪೇಟೆ ಸ್ಟೇಷನ್ನಿನಲ್ಲಿ ಮದ್ರಾಸಿನ ರೈಲು ನಿಂತಿತು. ಪೇಟ ಸುತ್ತಿದ ಒಬ್ಬರು ಇಳಿದು ಪಾನಿಪುರಿ ಗಾಡಿಯ ಮುಂದೆ ನಿಂತರು. ಒಂದು ತಿಂದರು. ಕಣ್ಣಲ್ಲಿ ನೀರು. ಮಡಕೆಯೊಳಗೆ ಬಗ್ಗಿ ನೋಡಿದರು. ಬಣ್ಣವೇ ಇಲ್ಲ. ಜೇಬಿನಿಂದ ಹರಳು ತೆಗೆದು, ಒಂದು ಲೋಟ ಪಾನಿಯನ್ನು ಬಿಸಿಲಿಗೆ ಹಿಡಿದು ಹಿಂದೆ ಮುಂದೆ ತಿರುಗಿಸಿದರು. ಇಷ್ಟು ಖಾರ ಇದ್ದೂ ಬೆಳಕಿಗೆ ಇದು ಯಾಕೆ ಗೊತ್ತಾಗುತ್ತಿಲ್ಲ ಎಂದು ಗಾಡಿಯವನನ್ನೇ ಕೇಳಿದರು. ಗಾಡಿಯವನು, ಸ್ವಾಮಿ, ಬಣ್ಣ ಇದ್ದರೆ ಗಿರಾಕಿಗೆ ಮೊದಲೇ ತಿಳಿದುಬಿಡುತ್ತೆ, ಅದಕ್ಕೇ ತೆಗೆದಿದ್ದೀವಿ ಎಂದ. ಗಾರ್ಡು ಸೀಟಿ ಊದಿದ. ಅವರು ಕೈ ಎತ್ತಿ ತಡೆದರು. ರೈಲು ಹನ್ನೊಂದು ನಿಮಿಷ ನಿಂತಿತು. ಸ್ಟೇಷನ್ ಮಾಸ್ಟರು ರಿಜಿಸ್ಟರಿನಲ್ಲಿ ಬರೆದರು: ತಡಕ್ಕೆ ಕಾರಣ, ಬೆಳಕು. ಆ ಪ್ರಯಾಣಿಕರ ಹೆಸರು ಸಿ.ವಿ. ರಾಮನ್.'

ನಾಲ್ಕು ಸಾಲಿನ ಹಲಗೆಯಲ್ಲಿ ಇದು ಅರ್ಧ ಜಾಗ ತಿಂದಿತು. ಖುಷಿಯಾಗಿ ಬರೆದೆ, ಸುಳ್ಳು ಯಾಕೆ ಹೇಳಲಿ.

ಅವತ್ತು ಡಬ್ಬದಲ್ಲಿ 57 ಚೀಟಿ. 34 ಮಂದಿಗೆ ಗಣಿಯ ನ್ಯೂಟ್ರಿನೊ ಬುರುಡೆ. 15 ಮಂದಿಗೆ ಪೌಲಿಂಗ್ ಹುಟ್ಟುಹಬ್ಬ ಬುರುಡೆ, ಅದೇ ದಿನ ಹೇಗೆ ಬರುತ್ತೆ ಅಂತ. ಏಳು ಜನಕ್ಕೆ ವಿಜ್ಞಾನಿಗಳು ಹೋಟೆಲಿನಲ್ಲಿ ಕೂಗಾಡಿದ್ದು ಬುರುಡೆ. ರಾಮನ್ ಬುರುಡೆ ಅಂದದ್ದು ಒಂದೇ ಚೀಟಿ.

34 ಮಂದಿ! ಅದರಲ್ಲಿ ಅರ್ಧದಷ್ಟು ಮಕ್ಕಳ ತಾತಂದಿರು ಆ ಗಣಿಯಲ್ಲೇ ದುಡಿದವರು. ಮನೆ ಕಿಟಕಿ ತೆಗೆದರೆ ಸೈನೈಡ್ ದಿಬ್ಬ, ಅಂದರೆ ಚಿನ್ನ ತೆಗೆದು ಉಳಿದ ಮಣ್ಣಿನ ಗುಡ್ಡ, ಕಾಣುವ ಮಕ್ಕಳೂ ಇದ್ದಾರೆ. ಅವರನ್ನು ನಿಲ್ಲಿಸಿ ಕೇಳಿದರೆ, "ನಮ್ಮೂರಲ್ಲಿ ಅಂಥದ್ದೆಲ್ಲ ಯಾಕೆ ನಡಿಯುತ್ತೆ ಮಿಸ್" ಅಂದರು. ಪಾನಿಪುರಿ ತಿನ್ನೋಕೆ ರಾಮನ್ ಬರಬಹುದು. ನ್ಯೂಟ್ರಿನೊ ಮಾತ್ರ ಬರಬಾರದು.

ಸರಿ ಹೇಳಿದ ಆ ಒಂದು ಚೀಟಿ ಒಂಬತ್ತನೇ ತರಗತಿಯ ಹುಡುಗಿಯದು. ಮಾತು ಕಡಿಮೆ, ಅಕ್ಷರ ಗುಂಡು. ಚೀಟಿಯಲ್ಲಿ ಹೀಗಿತ್ತು: 'ರಾಮನ್ ಬುರುಡೆ. ಬೆಳಿಗ್ಗೆ ಏಳಕ್ಕೆ ಪಾನಿಪುರಿ ಗಾಡಿ ಬರಲ್ಲ. ಆವಾಗ ಪುರಿ ಕರಿದೇ ಇರಲ್ಲ.' ಅವಳ ಅಪ್ಪನದು ಸ್ಟೇಷನ್ ರಸ್ತೆಯ ಕಡೆ ಪಾನಿಪುರಿ ಗಾಡಿ. ಬೆಳಿಗ್ಗೆ ಹಿಟ್ಟು ಕಲಸುವುದು, ಮಧ್ಯಾಹ್ನ ಕರಿಯುವುದು, ನಾಲ್ಕೂವರೆಗೆ ಗಾಡಿ ಹೊರಡುವುದು. ಸೆಂಟ್ರಲ್ ಕಾಲೇಜು, ನಿಕಲ್ ಪ್ರಿಸಂ, ಬೌರಿಂಗ್‌ಪೇಟೆ ಅಂತ ನಾನು ಕಟ್ಟಿದ್ದೆಲ್ಲ ಅವಳ ಒಂದು ಬಾಣಲೆಯ ಮುಂದೆ ನಿಲ್ಲಲಿಲ್ಲ. ಎರಡು ಕಡಲೆಮಿಠಾಯಿ ಕೊಟ್ಟೆ.

ಎಡವಟ್ಟು ಆದದ್ದು ಕೆಂಪು ಸೀಮೆಸುಣ್ಣದ ಕಡೆ. ಅವತ್ತು ವಿಜ್ಞಾನ ದಿನ ಅಂತ ಹೊರಗಿನವರೆಲ್ಲ ಬಂದಿದ್ದರು. ಯಾರೋ ಮಧ್ಯಾಹ್ನವೇ ಹಲಗೆಯ ಫೋಟೊ ತೆಗೆದುಕೊಂಡು ಹೋಗಿದ್ದಾರೆ. ಕೆಂಪಕ್ಷರ ಬರೋದು ಸಂಜೆ ತಾನೆ? ಫೋಟೊದಲ್ಲಿ ಬುರುಡೆ ಅನ್ನೋ ಪದವೇ ಇಲ್ಲ. ಅದೂ ಹೋಗಲಿ, ಮೇಲಿನ ಮೂರು ಸಾಲನ್ನು ಕತ್ತರಿಸಿ ರಾಮನ್ ಭಾಗ ಮಾತ್ರ ಕಳಿಸಿದ್ದಾರೆ. ಗಣಿಯನ್ನು ಕತ್ತರಿಸಿ ಬಿಸಾಕಿದ್ದಾರೆ. ನನಗೆ ಉರಿದದ್ದು ಅದಕ್ಕೆ.

ಆಮೇಲೆ ಅದು ನಡೆಯುತ್ತಾ ಹೋಯಿತು. ಒಂದು ಕಡೆ ಮಾರ್ಚ್ ಹೋಗಿ ಫೆಬ್ರವರಿ 28 ಆಯಿತು. ಅಂದರೆ ರಾಮನ್ ಒಂದೇ ದಿನ ಕಲ್ಕತ್ತದಲ್ಲಿ ಬೆಳಕು ಕಂಡು, ಒಂದೂವರೆ ಸಾವಿರ ಕಿಲೋಮೀಟರಿಗೂ ದೂರ ಇರುವ ಬಂಗಾರಪೇಟೆಯಲ್ಲಿ ಪಾನಿಪುರಿಯನ್ನೂ ತಿಂದರು. ಇನ್ನೊಂದು ಕಡೆ ಪಾನಿ ನೋಡಿದ್ದರಿಂದಲೇ ರಾಮನ್ ಪರಿಣಾಮ ಹೊಳೆಯಿತು ಅಂತಾಯಿತು. ನೊಬೆಲ್ ಬಂದದ್ದು 1930ರಲ್ಲಿ, ಅದರಲ್ಲಿ ನಮ್ಮ ಗಾಡಿಯವನಿಗೂ ಪಾಲು.

ನಿಜಕ್ಕೂ ಏನಾಯಿತು ಅನ್ನೋದು ಪಾನಿಪುರಿಗಿಂತ ಚೆನ್ನಾಗಿದೆ. ಬೆಳಕಿಗೆ ಒಂದು ಬಣ್ಣದ ಗಾಜು ಅಡ್ಡ ಇಟ್ಟು, ನೀಲಿ-ನೇರಳೆಯನ್ನು ಮಾತ್ರ ದ್ರವದೊಳಗೆ ಬಿಡೋದು. ಹೊರಬರುವ ಕಡೆ ನೀಲಿಯನ್ನು ತಡೆಯುವ ಇನ್ನೊಂದು ಗಾಜು ಇಡೋದು. ಈಗ ಏನೂ ಕಾಣಬಾರದು ಅಲ್ವಾ? ಮಂಕಾಗಿ ಹಸಿರು ಕಂಡಿತು. ಒಳಗೆ ಹೋಗದ ಬಣ್ಣ ಹೊರಗೆ ಬಂತು. ನಾನು ಕ್ಲಾಸಿನಲ್ಲಿ ಟೋಲ್ ಗೇಟು ಅಂತ ಹೇಳುತ್ತೇನೆ. ದ್ರವದ ಅಣು ಬೆಳಕಿನ ಹತ್ತಿರ ಸ್ವಲ್ಪ ಶಕ್ತಿ ವಸೂಲಿ ಮಾಡುತ್ತೆ. ಕಳೆದುಕೊಂಡ ಬೆಳಕಿನ ಬಣ್ಣ ಬದಲಾಗುತ್ತೆ. ಒಂದೊಂದು ಪದಾರ್ಥಕ್ಕೂ ಅದರದ್ದೇ ಟೋಲ್ ದರ. ಹೊರಗೆ ಬಂದ ಬೆಳಕಿನ ಜೇಬು ತಡಕಿದರೆ, ಅದು ಯಾವ ಗೇಟು ದಾಟಿ ಬಂತು ಅಂತ ಹೇಳಬಹುದು. ಇದನ್ನು ಯಾರೂ ಹತ್ತು ಜನಕ್ಕೆ ಕಳಿಸಲ್ಲ.

ಹೋದ ತಿಂಗಳು ಒಬ್ಬರು ಫೋನ್ ಮಾಡಿದರು. ಊರಿನ ಯಾವುದೋ ಸಂಘದವರು. ಸ್ಟೇಷನ್ ಹತ್ತಿರ ರಾಮನ್ ಬಂದ ನೆನಪಿಗೆ ಫಲಕ ಹಾಕಿಸಬೇಕಂತೆ. ನಾನು ವಿಜ್ಞಾನದ ಮೇಡಂ ಅಂತ ಯಾರೋ ನಂಬರ್ ಕೊಟ್ಟಿದ್ದಾರೆ, ಕಥೆ ನನ್ನದು ಅಂತ ಅವರಿಗೆ ಗೊತ್ತಿಲ್ಲ.

"ಅದು ನಡೆದೇ ಇಲ್ಲ ಸಾರ್, ನಾನೇ ಬರೆದದ್ದು" ಅಂದೆ.

"ಅಯ್ಯೋ, ನೀವು ಬರೆದದ್ದಾ ಮೇಡಂ? ತುಂಬಾ ಚೆನ್ನಾಗಿದೆ. ಹಾಗಾದ್ರೆ ಫಲಕಕ್ಕೂ ನೀವೇ ನಾಲ್ಕು ಸಾಲು ಬರ್ಕೊಡಿ."

"ಸುಳ್ಳು ಸಾರ್ ಅದು."

"ಇರ್ಲಿ ಬಿಡಿ ಮೇಡಂ. ಊರಿಗೆ ಒಳ್ಳೇದು ತಾನೆ."

ಕೆಜಿಎಫ್ ನ್ಯೂಟ್ರಿನೊಗೆ ಬೇಕಾದರೆ ಫಲಕ ಹಾಕಿಸಿ, ನಾನು ನಾಲ್ಕಲ್ಲ, ನಲವತ್ತು ಸಾಲು ಬರೆದುಕೊಡ್ತೀನಿ ಅಂದೆ. ಅದೇನು ಅಂತ ಕೇಳಿದರು. ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದು ಜನಕ್ಕೆ ನಂಬೋಕೆ ಕಷ್ಟ ಆಗುತ್ತೆ ಮೇಡಂ" ಅಂದರು.

ಫೋನ್ ಇಟ್ಟಮೇಲೆ ಈಗಲ್ ಪಬ್ ನೆನಪಾಯಿತು. ಕ್ರಿಕ್ ಅಲ್ಲಿ ಜೀವದ ಗುಟ್ಟು ಸಿಕ್ಕಿತು ಅಂತ ಸಾರಿದರು ಎಂದು ಬರೆದವರು ವಾಟ್ಸನ್. ಕ್ರಿಕ್ ಮಾತ್ರ, ಹಾಗೆ ಹೇಳಿದ ನೆನಪೇ ನನಗಿಲ್ಲ ಅಂತ ಆಮೇಲೆ ಬರೆದರು. ಆದರೂ ಆ ಪಬ್ಬಿನ ಗೋಡೆಯಲ್ಲಿ ಫಲಕ ಇದೆ. ನೋಡಿ, ನನ್ನ ಹಲಗೆಯಲ್ಲಿ ನಿಜ ಅಂತ ಹಾಕಿದ ಸಾಲಿನೊಳಗೇ ಹೀಗೊಂದು ಸಂದೇಹ ಕೂತಿತ್ತು. ಆ ಏಳು ಮಕ್ಕಳಿಗೆ ಅರ್ಧ ಕಡಲೆಮಿಠಾಯಿಯಾದರೂ ಕೊಡಬೇಕಿತ್ತು.

ಭಾವನಿಗೆ ಉತ್ತರ ಬರೆದೆ. ಇದು ಸುಳ್ಳು ಭಾವ, ಬರೆದವಳು ನಾನೇ, ದಯವಿಟ್ಟು ಮುಂದೆ ಕಳಿಸಬೇಡಿ. ನೀಲಿ ಗೆರೆ ಬಿತ್ತು, ಓದಿದರು. ಉತ್ತರ ಇಲ್ಲ. ಅರ್ಧ ಗಂಟೆ ಆದಮೇಲೆ ಅಕ್ಕ ಫೋನ್ ಮಾಡಿ, "ಏನೇ, ನಮ್ಮೆಜಮಾನ್ರು ಏನೋ ಪ್ರೀತಿಯಿಂದ ಕಳಿಸಿದ್ರೆ ಹಾಗಾ ಮುಖಕ್ಕೆ ಹೊಡೆದ ಹಾಗೆ ಬರೆಯೋದು" ಅಂದಳು.

ನಿನ್ನೆ ಸಂಜೆ ಅಪ್ಪನಿಗೆ ಮಾತ್ರೆ ತರೋಕೆ ಪೇಟೆಗೆ ಹೋದವಳು ಆ ಹುಡುಗಿಯ ಅಪ್ಪನ ಗಾಡಿಯ ಕಡೆ ಹೋದೆ. ಹುಡುಗಿ ಪಕ್ಕದಲ್ಲಿ ಸ್ಟೂಲಿನ ಮೇಲೆ ಕೂತು ಈರುಳ್ಳಿ ಹೆಚ್ಚುತ್ತಿದ್ದಳು. ನನ್ನ ನೋಡಿದವಳೇ ಎದ್ದು ನಿಂತಳು. ಕಣ್ಣು ಕೆಂಪಾಗಿತ್ತು, ಈರುಳ್ಳಿಗೇ ಇರಬೇಕು. ಗಾಡಿಯ ಗಾಜಿನ ಮೇಲೆ ಹೊಸದಾಗಿ ಒಂದು ಕಾಗದ ಅಂಟಿಸಿದ್ದರು. ಮೇಲೆ ರಾಮನ್ ಚಿತ್ರ, ಪೇಟ ಸುತ್ತಿದ್ದು. ಕೆಳಗೆ ನನ್ನ ಕಥೆ. ಗುಂಡು ಅಕ್ಷರ.

ಅವಳಪ್ಪ ಯಾರೋ ಬೆಂಗಳೂರಿನವರಿಗೆ ಕೊಡುತ್ತಾ ಕಥೆ ಹೇಳುತ್ತಿದ್ದರು. "ಐದು ತಿಂದ್ರಂತೆ ಸಾರ್, ಆರನೇದಕ್ಕೆ ಪಾನಿ ಬೇಡ, ಬರೀ ಪುರಿ ಕೊಡಪ್ಪ ಅಂದ್ರಂತೆ." ಅದು ನನ್ನ ಹಲಗೆಯಲ್ಲಿ ಇರಲಿಲ್ಲ. ಚೆನ್ನಾಗಿತ್ತು ಮಾತ್ರ.

ನಾನು ಕಾಗದದ ಹತ್ತಿರ ಹೋಗಿ ಓದಿದೆ. 'ಸಂಜೆ ಆರು ಗಂಟೆ. ಬೌರಿಂಗ್‌ಪೇಟೆ ಸ್ಟೇಷನ್ನಿನಲ್ಲಿ ಮದ್ರಾಸಿನ ರೈಲು ನಿಂತಿತು.'

ಹುಡುಗಿಯ ಕಡೆ ತಿರುಗಿದೆ. ಅವಳು ಚಾಕುವಿನ ತುದಿಯಿಂದ ಈರುಳ್ಳಿ ಸಿಪ್ಪೆ ಸರಿಸುತ್ತಾ, ಮೆಲ್ಲಗೆ ಹೇಳಿದಳು.

"ಬೆಳಿಗ್ಗೆ ಏಳು ಅಂದ್ರೆ ಯಾರೂ ನಂಬಲ್ಲ ಮಿಸ್. ಅದಕ್ಕೇ ತಿದ್ದಿದೆ."